ಬೆಳಗಿನ ಹಿಮ್ಮಡಿ ಬಿಗಿತ ಇಟ್ಟುಕೊಂಡು ಶಟಲ್ ಆಡಬಹುದೇ?

ನೀವು ಕೇಳಿರುವುದು ಇಷ್ಟು: ವಯಸ್ಸು 38, ವಾರದ ಐದು ದಿನ ಕುರ್ಚಿಯ ಕೆಲಸ, ಶನಿವಾರ ಮತ್ತು ಭಾನುವಾರ ಬೆಳಿಗ್ಗೆ ಒಂದೂವರೆ ಗಂಟೆ ಶಟಲ್. ಎರಡು ತಿಂಗಳಿಂದ ಹಾಸಿಗೆಯಿಂದೆದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ಹಿಮ್ಮಡಿಯ ಮೇಲ್ಭಾಗ ಬಿಗಿದುಕೊಂಡಿರುತ್ತದೆ, ಆಡಲು ಶುರುಮಾಡಿದರೆ ಮರೆತೇಹೋಗುತ್ತದೆ. ಹೀಗಿರುವಾಗ ಆಟ ಮುಂದುವರಿಸಬಹುದೇ, ಇಲ್ಲವೇ ಬಿಟ್ಟುಬಿಡಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ವೈದ್ಯನಲ್ಲ. ಆದರೆ ಇದೇ ಬಿಗಿತವನ್ನು ಐದು ತಿಂಗಳು ಕಡೆಗಣಿಸಿ, 41ನೆಯ ವಯಸ್ಸಿನಲ್ಲಿ ಎಡಗಾಲಿನ ಅಕಿಲಿಸ್ ರಜ್ಜುವನ್ನು, ಅಂದರೆ ಹಿಮ್ಮಡಿಯ ಹಿಂದಿನ ಹಗ್ಗದಂಥ ಕಟ್ಟನ್ನು, ಹರಿದುಕೊಂಡವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆ ದಿನ ನಾಲ್ಕನೆಯ ಗೇಮ್ ನಡೆಯುತ್ತಿತ್ತು. ಹಿಂದಿನ ಗೆರೆಯ ಹತ್ತಿರ ಶಟಲ್ ಎತ್ತಿ ಹೊಡೆದು, ಎದುರಿನವರು ನೆಟ್‌ ಬಳಿ ಬೀಳಿಸಿದ್ದನ್ನು ಹಿಡಿಯಲೆಂದು ಎಡಗಾಲು ಊರಿ ಮುಂದಕ್ಕೆ ಚಿಮ್ಮಿದೆ. ಯಾರೋ ಹಿಂದಿನಿಂದ ರಾಕೆಟ್ ಬೀಸಿ ಕಾಲಿಗೆ ಹೊಡೆದಂತಾಯಿತು. ತಿರುಗಿ ಜೊತೆಗಾರನ ಮೇಲೆ ರೇಗಿದೆ. ಆತ ಆರಡಿ ದೂರದಲ್ಲಿ ಏನೂ ಅರಿಯದವನಂತೆ ನಿಂತಿದ್ದ. ಈ ರಜ್ಜು ಹರಿದವರಲ್ಲಿ ಬಹಳಷ್ಟು ಜನ ‘ಯಾರೋ ಒದ್ದಂತಾಯಿತು’ ಎಂದೇ ಹೇಳುತ್ತಾರೆಂಬುದು ನನಗೆ ತಿಳಿದದ್ದು ಆಮೇಲೆ. ಅಂದು ಹೋದ ಹತ್ತಿರದ ಕ್ಲಿನಿಕ್ಕಿನಲ್ಲಿ, ಪಾದವನ್ನು ಕೆಳಕ್ಕೆ ಒತ್ತಲು ಹೇಳಿದರು. ಒತ್ತಿದೆ. ಹಾಗಾದರೆ ಉಳುಕು ಎಂದು ಬ್ಯಾಂಡೇಜು ಸುತ್ತಿ, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ರಜ್ಜು ಪೂರ್ತಿ ಹರಿದಿದ್ದರೂ ಕಾಲಿನ ಒಳಗಿನ ಬೇರೆ ಸ್ನಾಯುಗಳು ಪಾದವನ್ನು ಅಷ್ಟಿಷ್ಟು ಕೆಳಕ್ಕೆ ಎಳೆಯಬಲ್ಲವು, ಆದ್ದರಿಂದ ಈ ಪರೀಕ್ಷೆ ಮೋಸ ಮಾಡುತ್ತದೆ. ಹನ್ನೆರಡು ದಿನ ಕಳೆದ ಮೇಲೆ ಮೂಳೆ ತಜ್ಞರೊಬ್ಬರು ನನ್ನನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಾಚೆ ತೂಗುವಂತೆ ಬಿಟ್ಟು, ಬಲಗಾಲಿನ ಮೀನಖಂಡವನ್ನು ಕೈಯಿಂದ ಹಿಸುಕಿದರು. ಪಾದ ತಾನಾಗಿ ಕೆಳಕ್ಕೆ ಬಾಗಿತು. ಎಡಗಾಲಿನದನ್ನು ಹಿಸುಕಿದಾಗ ಪಾದ ಅಲುಗಲೇ ಇಲ್ಲ. ಥಾಂಪ್ಸನ್ ಪರೀಕ್ಷೆ ಎನ್ನುವ ಇದಕ್ಕೆ ಯಾವ ಯಂತ್ರವೂ ಬೇಕಿಲ್ಲ, ಅರ್ಧ ನಿಮಿಷ ಸಾಕು.

ನಿಮ್ಮ ಕಾಲಿಗೆ ಹೀಗೇ ಆಗುತ್ತದೆ ಎಂದು ಹೆದರಿಸುವುದು ನನ್ನ ಉದ್ದೇಶವಲ್ಲ. ಬಿಗಿತ ಇರುವವರಲ್ಲಿ ಹೆಚ್ಚಿನವರಿಗೆ ರಜ್ಜು ಹರಿಯುವುದಿಲ್ಲ, ಹರಿದವರಲ್ಲಿ ಎಷ್ಟೋ ಜನರಿಗೆ ಮೊದಲು ಯಾವ ನೋವೂ ಇರುವುದಿಲ್ಲ. ಆದರೂ ಬೆಳಗಿನ ಬಿಗಿತ ಒಂದು ಸೂಚನೆಯಂತೂ ಹೌದು. ನಮ್ಮಲ್ಲಿ ನರ, ಸ್ನಾಯು, ರಜ್ಜು ಮೂರಕ್ಕೂ ‘ನರ’ ಎಂಬ ಒಂದೇ ಮಾತು. ಹೀಗಾಗಿ ‘ನರ ಹಿಡ್ಕೊಂಡಿದೆ’ ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸುತ್ತೇವೆ, ನಾನೂ ತಿಕ್ಕಿಸಿದೆ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಈ ಹಗ್ಗ ದೇಹದ ಅತ್ಯಂತ ದಪ್ಪ ರಜ್ಜು, ಓಡುವಾಗ ಇದರ ಮೇಲೆ ದೇಹದ ತೂಕದ ಹಲವು ಪಟ್ಟು ಎಳೆತ ಬೀಳುತ್ತದೆ. ಹಿಮ್ಮಡಿಯಿಂದ ಎರಡರಿಂದ ಆರು ಸೆಂಟಿಮೀಟರ್ ಮೇಲಿನ ಭಾಗಕ್ಕೆ ರಕ್ತದ ಪೂರೈಕೆ ಕಡಿಮೆ, ಹರಿಯುವುದೂ ಸಾಮಾನ್ಯವಾಗಿ ಅಲ್ಲಿಯೇ. ಇನ್ನೊಂದು ವಿಷಯ, ಇದೇ ನನ್ನ ಉತ್ತರದ ತಿರುಳು: ಸ್ನಾಯು ಕೆಲವು ವಾರಗಳಲ್ಲಿ ಬಲಗೊಳ್ಳುತ್ತದೆ, ದಮ್ಮು ಅದಕ್ಕೂ ಬೇಗ ಬರುತ್ತದೆ, ರಜ್ಜು ಮಾತ್ರ ತಿಂಗಳುಗಟ್ಟಲೆ ಹಿಂದುಳಿಯುತ್ತದೆ. ಮೂರು ತಿಂಗಳು ಆಡಿ ‘ಈಗ ಫಿಟ್ ಆದೆ’ ಎಂದು ನಮಗೆ ಅನ್ನಿಸುವ ಹೊತ್ತಿಗೆ ಹಿಮ್ಮಡಿಗೆ ಆ ಸುದ್ದಿ ತಲುಪಿರುವುದಿಲ್ಲ. ಐದು ದಿನ ಕುಳಿತು ಎರಡು ದಿನ ನೆಗೆಯುವವರಲ್ಲಿ, ಅದರಲ್ಲೂ 30ರಿಂದ 50 ವರ್ಷದ ಗಂಡಸರಲ್ಲಿ, ಈ ಗಾಯ ಹೆಚ್ಚಾಗಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಆಟ ನಿಲ್ಲಿಸಬೇಕೇ? ನನ್ನ ಅಭಿಪ್ರಾಯದಲ್ಲಿ ಪೂರ್ತಿ ನಿಲ್ಲಿಸುವುದು ಇನ್ನೊಂದು ತಪ್ಪು. ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ಆದರೆ ರಜ್ಜು ಇನ್ನಷ್ಟು ದುರ್ಬಲವಾಗಿ, ಮತ್ತೆ ಕೋರ್ಟಿಗೆ ಇಳಿದ ಎರಡನೆಯ ವಾರಕ್ಕೆ ಕಥೆ ಮೊದಲಿಗೇ ಬರುತ್ತದೆ. ಸದ್ಯಕ್ಕೆ ಎರಡು ದಿನಗಳನ್ನು ಬೆನ್ನುಬೆನ್ನಿಗೆ ಆಡುವುದನ್ನು ಬಿಟ್ಟು, ನಡುವೆ ಎರಡು ದಿನವಾದರೂ ಅಂತರವಿರುವಂತೆ ಬದಲಾಯಿಸಿಕೊಳ್ಳಿ, ಡಬಲ್ಸ್ ಮಾತ್ರ ಆಡಿ. ಉಳಿದ ದಿನಗಳಲ್ಲಿ ರಜ್ಜುವಿಗೆ ನಿಧಾನವಾಗಿ ಭಾರ ಕೊಡಬೇಕು. ಇದಕ್ಕೆ ಸ್ವೀಡನ್ನಿನ ಮೂಳೆ ತಜ್ಞ ಹಾಕನ್ ಆಲ್ಫ್ರೆಡ್ಸನ್ ಅವರು 1998ರಲ್ಲಿ ಪ್ರಕಟಿಸಿದ ಒಂದು ಸರಳ ಕ್ರಮವಿದೆ. ಸ್ವತಃ ಹಿಮ್ಮಡಿ ನೋವಿನಿಂದ ಬಳಲುತ್ತಿದ್ದ ಓಟಗಾರರಾಗಿದ್ದ ಅವರು ಅದನ್ನು ಮೊದಲು ತಮ್ಮ ಕಾಲಿನ ಮೇಲೆಯೇ ಪ್ರಯೋಗಿಸಿದ್ದರು. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ ನಿಲ್ಲಬೇಕು. ಎರಡೂ ಕಾಲಿನ ಬಲದಿಂದ ಮೇಲೇರಿ, ಭಾರವನ್ನೆಲ್ಲ ನೋವಿರುವ ಕಾಲಿಗೆ ಬಿಟ್ಟು, ಹಿಮ್ಮಡಿಯನ್ನು ಮೆಟ್ಟಿಲಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. ಮೊಣಕಾಲು ನೇರವಾಗಿಟ್ಟು ಹದಿನೈದರಂತೆ ಮೂರು ಸುತ್ತು, ಸ್ವಲ್ಪ ಬಾಗಿಸಿ ಮತ್ತೆ ಮೂರು ಸುತ್ತು, ದಿನಕ್ಕೆ ಎರಡು ಬಾರಿ, ಹನ್ನೆರಡು ವಾರ. ನಿಮ್ಮ ನೋವು ರಜ್ಜುವಿನ ನಡುಭಾಗದಲ್ಲಿರದೆ ಹಿಮ್ಮಡಿಯ ಮೂಳೆಗೆ ಅಂಟಿದ ಜಾಗದಲ್ಲಿದ್ದರೆ ಮಾತ್ರ ಮೆಟ್ಟಿಲಿಗಿಂತ ಕೆಳಕ್ಕೆ ಇಳಿಸಬೇಡಿ, ಸಮನೆಲದ ಮೇಲೆಯೇ ಮಾಡಿ. ಮಾಡುವಾಗ ತಡೆಯಬಹುದಾದಷ್ಟು ನೋವು ಇದ್ದರೆ ತೊಂದರೆಯಿಲ್ಲ. ಮರುದಿನ ಬೆಳಗಿನ ಬಿಗಿತ ಹಿಂದಿನ ದಿನಕ್ಕಿಂತ ಹೆಚ್ಚಾಗಿದ್ದರೆ ಪ್ರಮಾಣ ಜಾಸ್ತಿಯಾಯಿತೆಂದು ಅರ್ಥ. ಬೇಸರದ ಕೆಲಸ ಎಂಬುದನ್ನು ಒಪ್ಪುತ್ತೇನೆ. ನಾನು ಇದನ್ನು ಹಾಲು ಕಾಯಲು ಇಟ್ಟು ಅಡುಗೆಮನೆಯ ಹೊಸ್ತಿಲ ಮೇಲೆ ಮಾಡುತ್ತಿದ್ದೆ, ಎರಡು ಸಲ ಹಾಲು ಉಕ್ಕಿದೆ.

ನಿಮ್ಮ ಕಾಲಿನ ಬಲ ಎಷ್ಟಿದೆ ಎಂದು ತಿಳಿಯಬೇಕಾದರೆ, ಗೋಡೆಗೆ ಬೆರಳ ತುದಿ ತಾಗಿಸಿ ಒಂಟಿ ಕಾಲಿನ ಮೇಲೆ ನಿಂತು ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸಿ, ಎಷ್ಟು ಸಲ ಆಗುತ್ತದೆಂದು ಎಣಿಸಿ. ಇಪ್ಪತ್ತರ ಆಸುಪಾಸು ಆಗದವರು ಜಿಗಿದು ಸ್ಮ್ಯಾಶ್ ಹೊಡೆಯುವ ಯೋಚನೆಯನ್ನು ಮುಂದೂಡುವುದು ಒಳ್ಳೆಯದು. ಗಾಯಕ್ಕೆ ಮುಂಚೆ ನಾನು ಒಮ್ಮೆಯೂ ಎಣಿಸಿರಲಿಲ್ಲ, ಚೇತರಿಸಿಕೊಂಡ ಏಳನೆಯ ತಿಂಗಳಲ್ಲಿ ಎಣಿಸಿದಾಗ ಎಡಗಾಲಿನಲ್ಲಿ ಸಿಕ್ಕ ಸಂಖ್ಯೆ ಒಂಬತ್ತು.

ಇನ್ನು ವಾರ್ಮಪ್ ವಿಷಯ. ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟ ಕೋರ್ಟಿನಲ್ಲಿ ಹತ್ತು ನಿಮಿಷ ‘ವ್ಯರ್ಥ’ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ. ಹಿಂದಿನ ತಂಡ ಹೊರಬರುವ ಮುಂಚೆಯೇ ನಾವು ಒಳಗಿರುತ್ತೇವೆ. ಆದ್ದರಿಂದ ವಾರ್ಮಪ್ ಅನ್ನು ಕೋರ್ಟಿನ ಹೊರಗೆ, ಗಾಡಿ ನಿಲ್ಲಿಸುವ ಜಾಗದಲ್ಲೇ ಮುಗಿಸಿಕೊಳ್ಳಿ: ಬಿರುಸಿನ ನಡಿಗೆ, ಹಗ್ಗದಾಟ, ಅಡ್ಡ ಹೆಜ್ಜೆ, ಹತ್ತು ಬಸ್ಕಿ, ಆಮೇಲೆ ಒಳಗೆ ಹೋಗಿ ಎರಡು ನಿಮಿಷ ಅರ್ಧ ಕೋರ್ಟಿನಲ್ಲಿ ಮೆಲ್ಲಗೆ ಹೊಡೆದಾಟ. ನಿಂತಲ್ಲೇ ಕಾಲು ಚಾಚಿ ಒಂದೊಂದು ನಿಮಿಷ ಎಳೆದು ಹಿಡಿಯುವುದರಿಂದ ಗಾಯ ತಪ್ಪುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅಷ್ಟು ದೀರ್ಘವಾಗಿ ಎಳೆದರೆ ಆ ಕೂಡಲೇ ಸ್ನಾಯುವಿನ ಚಿಮ್ಮುವ ಶಕ್ತಿ ತುಸು ತಗ್ಗುತ್ತದೆ ಕೂಡ. ಅದನ್ನು ಆಟದ ನಂತರಕ್ಕೆ ಇಟ್ಟುಕೊಳ್ಳಿ.

ಶೂ ವಿಷಯದಲ್ಲಿ ಒಂದೇ ಮಾತು: ಓಟದ ಶೂ ಹಾಕಿ ಶಟಲ್ ಆಡಬೇಡಿ. ಅದರ ಎತ್ತರದ ಮೆತ್ತನೆಯ ಹಿಮ್ಮಡಿ ನೇರ ಓಟಕ್ಕೆಂದು ಮಾಡಿದ್ದು, ಪಕ್ಕಕ್ಕೆ ಜಿಗಿದಾಗ ಕಣಕಾಲು ಹೊರಳುತ್ತದೆ. ನೆಲದ ಬಗ್ಗೆಯೂ ನೋಡಿ. ಸಿಮೆಂಟಿನ ಮೇಲೆ ನೇರವಾಗಿ ಮ್ಯಾಟ್ ಹಾಸಿದ ಕೋರ್ಟಿಗಿಂತ ಅಡಿಯಲ್ಲಿ ಮರದ ಹಲಗೆ ಇರುವ ಕೋರ್ಟ್ ಕಾಲಿಗೆ ಹಿತ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದ ಪ್ರಕಾಶ್ ಪಡುಕೋಣೆಯವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ ಎಂದು ಹೇಳಿ ಯಾರಾದರೂ ನಿಮ್ಮ ಬಾಯಿ ಮುಚ್ಚಿಸಬಹುದು. ಅವರು ಶುರುಮಾಡಿದ್ದು ಬಾಲ್ಯದಲ್ಲಿ, ನಮ್ಮ ಹಾಗೆ ಹದಿನೈದು ವರ್ಷ ಕುರ್ಚಿಯಲ್ಲಿ ಕುಳಿತೆದ್ದ ಮೇಲಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಒಂದು ಅಪಾಯ ಔಷಧಿಯಲ್ಲಿದೆ. ಭೇದಿಗೋ ಮೂತ್ರದ ಸೋಂಕಿಗೋ ನಮ್ಮಲ್ಲಿ ಧಾರಾಳವಾಗಿ ನುಂಗುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಆಂಟಿಬಯೊಟಿಕ್‌ಗಳು ಈ ರಜ್ಜು ಹರಿಯುವ ಸಾಧ್ಯತೆಯನ್ನು ಹೆಚ್ಚಿಸುತ್ತವೆ. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳಿಗೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿತು. ವೈದ್ಯರು ಬರೆದುಕೊಟ್ಟರೆ ‘ನಾನು ಶಟಲ್ ಆಡುತ್ತೇನೆ, ಹಿಮ್ಮಡಿ ನೋವಿದೆ’ ಎಂದು ಹೇಳಿ, ಬೇರೆ ಔಷಧಿ ಇದೆಯೇ ಎಂದು ಕೇಳಿ. ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ, ಎರಡೂ ಸೇರಿದರೆ ಅಪಾಯ ಇನ್ನೂ ಹೆಚ್ಚು. ಮಧುಮೇಹ ಇರುವವರ ರಜ್ಜುಗಳು ಬೇಗ ಪೆಡಸಾಗುವುದರಿಂದ, ಈ ನೆಪದಲ್ಲಿ ಸಕ್ಕರೆ ಪರೀಕ್ಷೆಯನ್ನೂ ಮಾಡಿಸಿಕೊಂಡರೆ ನಷ್ಟವಿಲ್ಲ. ಆಡುವಾಗ ಎದೆ ಹಿಡಿದಂತಾದರೆ ಅಥವಾ ತಲೆ ಸುತ್ತಿದರೆ ಅದು ಹಿಮ್ಮಡಿಯ ಪ್ರಶ್ನೆಯೇ ಅಲ್ಲ, ಆ ಕ್ಷಣವೇ ಆಟ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು.

ಆರು ವಾರ ಮೆಟ್ಟಿಲ ವ್ಯಾಯಾಮ ಮಾಡಿದ ಮೇಲೂ ಬೆಳಗಿನ ಬಿಗಿತ ಸ್ವಲ್ಪವೂ ಇಳಿಯದಿದ್ದರೆ, ಅಥವಾ ಎರಡು ಬೆರಳಿನಲ್ಲಿ ರಜ್ಜುವನ್ನು ಹಿಡಿದು ನೋಡಿದಾಗ ಒಂದು ಕಾಲಿನದು ಇನ್ನೊಂದಕ್ಕಿಂತ ದಪ್ಪವಾಗಿ ಗಂಟುಕಟ್ಟಿದಂತೆ ತೋರಿದರೆ, ಕ್ರೀಡಾಗಾಯಗಳನ್ನು ನೋಡುವ ಫಿಸಿಯೊಥೆರಪಿಸ್ಟ್ ಒಬ್ಬರಿಗೆ ತೋರಿಸಿ. ಆಟದ ನಡುವೆ ಯಾರೋ ಹಿಂದಿನಿಂದ ಹೊಡೆದಂತೆ ಆಗಿ, ತಿರುಗಿ ನೋಡಿದಾಗ ಅಲ್ಲಿ ಯಾರೂ ಇರದಿದ್ದರೆ, ಕಾಲೂರದೆ ಅಂದೇ ಮೂಳೆ ತಜ್ಞರ ಬಳಿ ಹೋಗಿ. ಅವರು ಬೋರಲು ಮಲಗಿಸಿ ಮೀನಖಂಡ ಹಿಸುಕದಿದ್ದರೆ, ಹಿಸುಕಿ ನೋಡಿ ಎಂದು ನೀವೇ ಕೇಳಿ.