ತಪ್ಪು ಮಾಡಿ ನೆಪ ಹೇಳುವುದರ ಬಗ್ಗೆ ಬೈಬಲ್ ಏನು ಹೇಳುತ್ತದೆ?
ತಪ್ಪನ್ನು ಆದಾಮ ಹವ್ವಳ ಮೇಲೆ, ಹವ್ವ ಹಾವಿನ ಮೇಲೆ ಹಾಕಿದ್ದು ಗೊತ್ತೇ ಇದೆ. ನನಗೆ ಜಾಸ್ತಿ ನೆನಪಾಗುವುದು ಇಸ್ರಾಯೇಲರ ನಾಯಕ ಮೋಶೆಯ ಅಣ್ಣ ಆರೋನ. ಜನ ಪೂಜಿಸಲು ಚಿನ್ನದ ಕರುವನ್ನು ತಾನೇ ಮಾಡಿ, ಮೋಶೆ ಕೇಳಿದಾಗ, ಚಿನ್ನ ಬೆಂಕಿಗೆ ಹಾಕಿದೆ, ಈ ಕರು ಹೊರಗೆ ಬಂತು ಅನ್ನುತ್ತಾನೆ (ವಿಮೋಚನಕಾಂಡ 32:24). ನಗು ಬರುತ್ತದೆ, ಅಲ್ವಾ?

ನಾನೂ ಕಡಿಮೆಯಿಲ್ಲ. ಬೆಳಗಾವಿಯ ಖಡೇಬಜಾರಿನಲ್ಲಿ ನನ್ನ ಗಾಡಿ ತಾಗಿ ಒಬ್ಬ ಅಜ್ಜಿಯ ಟೊಮ್ಯಾಟೊ ಬುಟ್ಟಿ ಉರುಳಿತು. 'ರಸ್ತೆ ಸಣ್ಣದು' ಅಂದೆ. 'ನಿನ್ನಿನೂ ಇಷ್ಟ ಇತ್ತಲ್ಲೋ ತಮ್ಮಾ' ಅಂದರು.

ರಾಜ ದಾವೀದ, ತನ್ನ ತಪ್ಪನ್ನು ತೋರಿಸಿದ ಪ್ರವಾದಿ ನಾತಾನನ ಮುಂದೆ ನೆಪ ಹೇಳಲಿಲ್ಲ, ಪಾಪ ಮಾಡಿದೆ ಅಂದ. ತೆರಿಗೆ ವಸೂಲಿ ಮಾಡುತ್ತಿದ್ದ ಜಕ್ಕಾಯ ಇನ್ನೂ ಮುಂದೆ ಹೋದ: ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ (ಲೂಕ 19:8). ಕ್ಷಮೆ ದೇವರ ಕೃಪೆ, ನಿಜ. ಆದರೆ ಚೆಲ್ಲಿದ್ದನ್ನು ಆರಿಸಿಕೊಡುವುದು ನಮ್ಮ ಕೆಲಸ. ನಾನು ಆರಿಸಿಕೊಟ್ಟೆ, ಒಡೆದದ್ದಕ್ಕೆ ದುಡ್ಡೂ ಕೊಟ್ಟೆ.