ಮೂರು ಆಸ್ಪತ್ರೆಯ ಚೀಟಿ, ಒಂದೇ ಮಗು: ಔಷಧ ಎಷ್ಟು ಹಾಕಲಿ?

ಪ್ರಶ್ನೆ: ನಾವು ಮಂಡ್ಯ ತಾಲ್ಲೂಕಿನ ಹಳ್ಳಿಯವರು. ನಮ್ಮ ಮಕ್ಕಳಿಬ್ಬರೂ ದೊಡ್ಡವರಾಗಿ ಮನೆ ಬಿಟ್ಟಿದ್ದಾರೆ. ಎರಡು ತಿಂಗಳ ಹಿಂದೆ ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಎಂಟು ವರ್ಷದ ಹುಡುಗನೊಬ್ಬನನ್ನು ಪೋಷಕತ್ವ ಯೋಜನೆಯಲ್ಲಿ (ಫಾಸ್ಟರ್ ಕೇರ್, ದತ್ತು ಅಲ್ಲ, ಮನೆಯಲ್ಲಿಟ್ಟು ಸಾಕುವುದು) ಕರೆತಂದೆವು. ಬಟ್ಟೆಯ ಜೊತೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ಅದರಲ್ಲಿ ಮೂರು ಆಸ್ಪತ್ರೆಗಳ ಚೀಟಿಗಳಿವೆ. ಅವನಿಗೆ ಫಿಟ್ಸ್ ಬರುತ್ತದೆಯಂತೆ. ಒಂದು ಚೀಟಿಯಲ್ಲಿ ವಾಲ್ಪ್ರೋಯೇಟ್ ಸಿರಪ್ ಬೆಳಿಗ್ಗೆ ರಾತ್ರಿ 5 ಮಿಲಿ ಎಂದಿದೆ, ಇನ್ನೊಂದರಲ್ಲಿ 200ರ ಮಾತ್ರೆ ಎರಡು ಹೊತ್ತು ಎಂದಿದೆ. ಊರಿನ ಡಾಕ್ಟರು ‘ಮೊದಲು ತೋರಿಸಿದ ಕಡೆಯೇ ಕೇಳಿ’ ಎಂದರು. ಅಲ್ಲಿಗೆ ಹೋದರೆ ‘ಅದು ಹಳೆಯ ಚೀಟಿ, ಹೊಸದು ಮಾಡಿಸಿ’ ಎಂದರು. ಈಗ ಬಾಟಲಿಯಲ್ಲಿ ನಾಲ್ಕು ದಿನಕ್ಕಾಗುವಷ್ಟೇ ಉಳಿದಿದೆ. ಲಸಿಕೆಯ ಕಾರ್ಡ್ ಅಂತೂ ಇಲ್ಲವೇ ಇಲ್ಲ. ನಾನು ಯಾರನ್ನು ಕೇಳಲಿ?

ಉತ್ತರ: ಕಾರ್ಡಿನ ವಿಷಯ ಆಮೇಲೆ ನೋಡೋಣ. ಮೊದಲು ಆ ಬಾಟಲಿ. ಫಿಟ್ಸ್ ಔಷಧವನ್ನು ಒಮ್ಮೆಲೇ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಾಗ ಬರುವ ಫಿಟ್ಸ್ ಕೆಲವೊಮ್ಮೆ ತಾನಾಗಿ ನಿಲ್ಲುವುದೇ ಇಲ್ಲ. ಆದ್ದರಿಂದ ನಾಲ್ಕು ದಿನ ಮುಗಿಯುವವರೆಗೆ ಕಾಯದೆ ನಾಳೆಯೇ ಹೊರಡಿ.

ಈಗ ಎರಡೂ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವಾಲ್ಪ್ರೋಯೇಟ್ ಸಿರಪ್ ಸಾಮಾನ್ಯವಾಗಿ 5 ಮಿಲಿಗೆ 200 ಮಿಲಿಗ್ರಾಂ ಇರುತ್ತದೆ. ಬಾಟಲಿಯ ಮೇಲೆ ಹಾಗೆಂದು ಬರೆದಿದ್ದು, ಮಾತ್ರೆಯೂ ಅದೇ ಔಷಧವಾಗಿದ್ದರೆ ಎರಡು ಚೀಟಿಯೂ ಹೇಳುತ್ತಿರುವುದು ಒಂದೇ ಮಾತು. ಹುಡುಗ ಮಾತ್ರೆ ನುಂಗುವಷ್ಟು ದೊಡ್ಡವನಾದ ಎಂದು ಯಾರೋ ಸಿರಪ್ ಬಿಡಿಸಿ ಮಾತ್ರೆ ಬರೆದಿರಬಹುದು. ಇದು ನನ್ನ ಊಹೆ, ಖಚಿತ ಮಾಡಬೇಕಾದವರು ಅವನನ್ನು ನೋಡುವ ವೈದ್ಯರು. ಅಲ್ಲಿಯವರೆಗೆ ಈಗ ಕೊಡುತ್ತಿರುವುದನ್ನೇ ಅದೇ ಅಳತೆಯಲ್ಲಿ ಮುಂದುವರಿಸಿ. ಎರಡನ್ನೂ ಸೇರಿಸಿ ಮಾತ್ರ ಕೊಡಬೇಡಿ, ಪ್ರಮಾಣ ಇಮ್ಮಡಿಯಾಗಿಬಿಡುತ್ತದೆ. ಇನ್ನೊಂದು: ಚೀಟಿಯ ಮೂಲೆಯಲ್ಲಿ ಅವನ ತೂಕ ಬರೆದಿದೆಯೇ? ಮಕ್ಕಳಿಗೆ ಈ ಔಷಧವನ್ನು ತೂಕ ನೋಡಿ ಲೆಕ್ಕ ಹಾಕುತ್ತಾರೆ. ಚೀಟಿ ಬರೆದಾಗ ಹದಿನೇಳು ಕೆಜಿ ಇದ್ದವನು ನಿಮ್ಮ ಮನೆಯ ಮುದ್ದೆ, ಬಸ್ಸಾರು ಉಂಡು ಇಪ್ಪತ್ತಕ್ಕೆ ಏರಿದ್ದರೆ ಹಳೆಯ ಪ್ರಮಾಣ ಸಾಲದೆ ಹೋಗಬಹುದು.

ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಿ. ಚೀಟಿಗಳಷ್ಟೇ ಸಾಲದು, ಬಾಟಲಿ, ಮಾತ್ರೆಯ ಹಾಳೆ, ಸಮಿತಿಯ ಆದೇಶದ ಪ್ರತಿ ಎಲ್ಲವೂ ಜೊತೆಗಿರಲಿ. ದಾರಿಯಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಕೊಳ್ಳಿ. ಮೊದಲ ಪುಟದಲ್ಲಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಇಂದಿನ ತೂಕ, ಕೊನೆಯ ಸಲ ಫಿಟ್ಸ್ ಬಂದ ದಿನ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಇಷ್ಟನ್ನು ವೈದ್ಯರ ಕೈಯಲ್ಲೇ ಬರೆಸಿ, ಸಹಿ, ತಾರೀಕು ಹಾಕಿಸಿಕೊಳ್ಳಿ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಇದನ್ನು ಕೇಳಲು ಮುಜುಗರವಾಗುತ್ತದೆ, ಗೊತ್ತು. ಆದರೂ ಕೇಳಿ. ಕವರಿನ ತುಂಬ ಚೀಟಿಗಳನ್ನು ಮೇಜಿನ ಮೇಲೆ ಸುರಿಯುವವರಿಗಿಂತ ಇಂಥ ಪುಸ್ತಕ ಹಿಡಿದು ಬರುವವರನ್ನು ಕಂಡರೆ ನಮಗೆ ವೈದ್ಯರಿಗೆ ಎಷ್ಟೋ ನೆಮ್ಮದಿ.

ನಿಮ್ಮ ಹುಡುಗನ ಬಗ್ಗೆ ತಿಳಿದವರು ಕಡಿಮೆಯೇನಿಲ್ಲ. ಬಾಲಮಂದಿರದಲ್ಲಿದ್ದಾಗಿನ ವೈದ್ಯಕೀಯ ಕಡತ ಅಲ್ಲಿರುತ್ತದೆ. ಅವನ ವೈಯಕ್ತಿಕ ಆರೈಕೆ ಯೋಜನೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿರುತ್ತದೆ, ಅದರಲ್ಲಿ ಆರೋಗ್ಯದ ಭಾಗವೇ ಒಂದಿದೆ. ಶಾಲೆಗೆ ವರ್ಷಕ್ಕೊಮ್ಮೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬಂದು ಕಣ್ಣು, ಕಿವಿ, ಹಲ್ಲು, ತೂಕ ನೋಡಿ ಹೋಗುತ್ತದೆ. ಆಶಾ ಕಾರ್ಯಕರ್ತೆಯ ಬಳಿ ಇನ್ನಷ್ಟು. ಒಬ್ಬರಿಗೆ ತಿಳಿದದ್ದು ಮತ್ತೊಬ್ಬರಿಗೆ ತಿಳಿಯದೆ ಉಳಿಯುವುದೇ ತೊಂದರೆ. ಇವರನ್ನೆಲ್ಲ ಒಂದು ದಾರಕ್ಕೆ ಪೋಣಿಸುವುದು ಅಧಿಕಾರಿಗಳ ಕೆಲಸವಲ್ಲವೇ ಎಂದು ನೀವು ಕೇಳಬಹುದು. ನಿಜವೇ. ಆದರೆ ರಾತ್ರಿ ಎರಡು ಗಂಟೆಗೆ ಮಗುವಿನ ಹಣೆ ಮುಟ್ಟಿ ನೋಡುವವರು ನೀವು, ಆದ್ದರಿಂದ ಪುಸ್ತಕ ನಿಮ್ಮ ಕೈಯಲ್ಲೇ ಇರಬೇಕು. ಘಟಕಕ್ಕೆ ಒಂದು ಅರ್ಜಿ ಬರೆದು ಬಾಲಮಂದಿರದ ವೈದ್ಯಕೀಯ ಕಡತದ ಮತ್ತು ಆರೈಕೆ ಯೋಜನೆಯ ಆರೋಗ್ಯ ಭಾಗದ ಪ್ರತಿ ಕೇಳಿ. ಬಾಲನ್ಯಾಯ ಕಾಯ್ದೆ, 2015ರ 44ನೇ ಕಲಂ ಮಗುವಿನ ಆರೋಗ್ಯ, ಶಿಕ್ಷಣ, ಪೌಷ್ಟಿಕತೆಯ ಹೊಣೆಯನ್ನು ಪೋಷಕ ಕುಟುಂಬದ ಮೇಲೆ ಹೊರಿಸಿದೆ. ಹೊಣೆ ಹೊರಿಸಿದ ಮೇಲೆ ಮಾಹಿತಿಯನ್ನೂ ಕೊಡಬೇಕಲ್ಲವೇ? ಅದೇ ಕಲಂ ಪ್ರಕಾರ ಸಮಿತಿಯ ಪರಿಶೀಲನೆ ತಿಂಗಳಿಗೊಮ್ಮೆ ನಡೆಯಬೇಕು. ಬಂದವರಿಗೆ ಕಾಫಿಯ ಜೊತೆ ಈ ಪುಸ್ತಕವನ್ನೂ ಮುಂದಿಡಿ.

ಇನ್ನು ಲಸಿಕೆ. ಲಸಿಕೆ ಬರೆದಿಡುವ ‘ತಾಯಿ ಕಾರ್ಡ್’ ಕಳೆದುಹೋಗಿದ್ದರೂ ಅವನು ಹುಟ್ಟಿದ ಊರಿನ ಉಪಕೇಂದ್ರದ ರಿಜಿಸ್ಟರಿನಲ್ಲಿ ದಾಖಲೆ ಇರುವ ಸಾಧ್ಯತೆಯಿದೆ. ಘಟಕದ ಮೂಲಕ ವಿಚಾರಿಸಿ. ಸಿಗದಿದ್ದರೆ ‘ಎಲ್ಲ ಹಾಕಿಸಿದ್ದಾರಂತೆ’ ಎಂಬ ಮಾತನ್ನು ನಂಬಿ ಸುಮ್ಮನಾಗಬೇಡಿ. ದಾಖಲೆ ಇಲ್ಲದ ಲಸಿಕೆಯನ್ನು ಹಾಕಿಸದ ಲಸಿಕೆ ಎಂದೇ ನಾವು ಲೆಕ್ಕ ಹಿಡಿಯುತ್ತೇವೆ. ಏಳು ವರ್ಷ ದಾಟಿದವರಿಗೆ ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬದಲು ಟಿಡಿ (ಧನುರ್ವಾಯು, ಗಂಟಲುಮಾರಿ ಲಸಿಕೆ) ಕೊಡುತ್ತಾರೆ. ಉಳಿದದ್ದರಲ್ಲಿ ಯಾವುದು ಬೇಕೆಂದು ಮಿಮ್ಸ್‌ನ ವೈದ್ಯರೇ ಬರೆದುಕೊಡಲಿ. ಫಿಟ್ಸ್ ಇದೆ ಎಂಬುದನ್ನು ಅವರಿಗೆ ನೆನಪಿಸಿ. ಆ ಚೀಟಿ ಹಿಡಿದು ಗುರುವಾರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರಾಯಿತು.

ಶಾಲೆಯಲ್ಲಿ ತರಗತಿಯ ಶಿಕ್ಷಕರಿಗೆ ಫಿಟ್ಸ್ ವಿಷಯ ಹೇಳಲೇಬೇಕು. ಹುಡುಗ ಎಲ್ಲಿಂದ ಬಂದ, ಏಕೆ ಬಂದ ಎಂಬುದನ್ನು ಎಲ್ಲರಿಗೂ ಹೇಳಬೇಕಾಗಿಲ್ಲ. ಫಿಟ್ಸ್ ಬಂದರೆ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು, ಬಾಯಿಗೆ ಚಮಚ ತುರುಕುವುದು ನಮ್ಮ ಕಡೆ ಇನ್ನೂ ನಿಂತಿಲ್ಲ. ಬೀಗದ ಕೈಯಿಂದ ಫಿಟ್ಸ್ ನಿಲ್ಲುವುದಿಲ್ಲ, ಚಮಚದಿಂದ ಹಲ್ಲು ಮುರಿಯುತ್ತದೆ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಇದನ್ನು ಒಂದು ಹಾಳೆಯಲ್ಲಿ ಬರೆದು ಶಿಕ್ಷಕರಿಗೆ ಕೊಡಿ. ಕೆರೆ, ನಾಲೆಯಲ್ಲಿ ಈಜಲು ಸದ್ಯಕ್ಕೆ ಬಿಡಬೇಡಿ. ಮಂಡ್ಯದಲ್ಲಿ ನಾಲೆ ಇಲ್ಲದ ಊರು ಹುಡುಕಬೇಕು, ಅದಕ್ಕೇ ಹೇಳಿದೆ.

ಪ್ರಶ್ನೆ: ನಾವು ಮೈಸೂರಿನ ಕುವೆಂಪುನಗರದವರು. ನಮ್ಮ ಪೋಷಕತ್ವದಲ್ಲಿರುವ ಹನ್ನೊಂದು ವರ್ಷದ ಹುಡುಗಿಗೆ ಬಹಳ ಕಾಲದಿಂದ ಕಿವಿ ಸೋರುತ್ತಿದೆ. ತಮಟೆಗೆ ತೂತಾಗಿದೆ, ಶಸ್ತ್ರಚಿಕಿತ್ಸೆ ಮಾಡಿಸಿ ಎಂದಿದ್ದಾರೆ. ಒಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಬಹುದೇ? ಹೆತ್ತ ತಾಯಿ ಬೇರೆ ಜಿಲ್ಲೆಯಲ್ಲಿದ್ದಾರೆ. ಖರ್ಚಿಗೆ ಏನು ಮಾಡುವುದು?

ಉತ್ತರ: ನೀವೊಬ್ಬರೇ ಸಹಿ ಹಾಕಿ ಮುಂದುವರಿಯಬೇಡಿ. ಮಗು ನಿಮ್ಮ ಆರೈಕೆಯಲ್ಲಿದೆ ನಿಜ, ಆದರೆ ದತ್ತು ಪಡೆದವರಂತೆ ನೀವು ಕಾನೂನಿನ ಪ್ರಕಾರ ತಂದೆತಾಯಿಯಲ್ಲ. ಜ್ವರ, ಗಾಯ, ಹಲ್ಲುನೋವಿಗೆಲ್ಲ ಧಾರಾಳವಾಗಿ ತೋರಿಸಿ. ಜೀವಕ್ಕೆ ಅಪಾಯವಿದ್ದರೆ ವೈದ್ಯರು ಸಹಿಗಾಗಿ ಕಾಯುವುದೂ ಇಲ್ಲ, ಕಾಯಲೂಬಾರದು. ಆದರೆ ತಮಟೆ ಸರಿಪಡಿಸುವ ಶಸ್ತ್ರಚಿಕಿತ್ಸೆ ನಾಳೆಯೇ ಆಗಬೇಕಾದ್ದಲ್ಲ. ವೈದ್ಯರ ಸಲಹಾ ಪತ್ರದೊಂದಿಗೆ ಘಟಕದ ಮೂಲಕ ಮಕ್ಕಳ ಕಲ್ಯಾಣ ಸಮಿತಿಗೆ ಅರ್ಜಿ ಕೊಟ್ಟು, ಯಾರು ಸಹಿ ಹಾಕಬೇಕು ಎಂಬುದನ್ನು ಲಿಖಿತವಾಗಿ ಪಡೆಯಿರಿ. ಮುಂದಿನ ಸಲಕ್ಕೂ ಆ ಪತ್ರ ಉಪಯೋಗಕ್ಕೆ ಬರುತ್ತದೆ.

ತಾಯಿ ದೂರದಲ್ಲಿದ್ದಾರೆಂದು ಅವರನ್ನು ಪಕ್ಕಕ್ಕಿಡಬೇಡಿ. ಹಿಂದೆ ಯಾವ ಇಂಜೆಕ್ಷನ್‌ಗೆ ಮೈಯೆಲ್ಲ ದದ್ದು ಎದ್ದಿತ್ತು, ಮನೆತನದಲ್ಲಿ ಯಾರಿಗಾದರೂ ರಕ್ತ ಬೇಗ ನಿಲ್ಲದ ತೊಂದರೆ ಇತ್ತೇ ಎಂಬುದು ಅವರಿಗಷ್ಟೇ ಗೊತ್ತು. ಅರಿವಳಿಕೆ ಕೊಡುವ ವೈದ್ಯರು ಮೊದಲು ಕೇಳುವುದೂ ಇದನ್ನೇ. ನೇರವಾಗಿ ಫೋನ್ ಮಾಡದೆ ಘಟಕದವರ ಮೂಲಕ ಕೇಳಿಸಿ. ಮಗುವಿಗೂ ತಿಳಿಯುವಂತೆ ಹೇಳಿ, ಹನ್ನೊಂದು ವರ್ಷದವಳಿಗೆ ತನ್ನ ಕಿವಿಗೆ ಏನು ಮಾಡುತ್ತಾರೆಂದು ಗೊತ್ತಿರಬೇಕು.

ಅದಕ್ಕೂ ಮೊದಲು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. ದೇಶದ ಬೇರೆ ಬೇರೆ ಕಡೆಯಿಂದ ಜನ ಅಲ್ಲಿಗೆ ಬರುತ್ತಾರೆ, ನಿಮಗಾದರೋ ಒಂದು ಸಿಟಿ ಬಸ್ ದೂರ. ಪಾಠದಲ್ಲಿ ಹಿಂದೆ, ಕರೆದರೆ ಓಗೊಡುವುದಿಲ್ಲ, ಮೊಂಡು ಎಂದು ಶಾಲೆಯಿಂದ ದೂರು ಬರುತ್ತಿದ್ದರೆ ಆ ವರದಿಯನ್ನು ಶಿಕ್ಷಕರಿಗೂ ತೋರಿಸಿ. ಕೇಳಿಸದ ಮಗುವನ್ನು ಮೊಂಡು ಎಂದು ಬೈಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಸದ್ಯಕ್ಕೆ ಮುಂದಿನ ಬೆಂಚಿನಲ್ಲಿ ಕೂರಿಸಲಿ. ಕಿವಿಗೆ ನೀರು ಹೋಗದಿರಲಿ, ಬಿಸಿ ಎಣ್ಣೆಯಂತೂ ಬೇಡವೇ ಬೇಡ.

ಖರ್ಚು: ಮಕ್ಕಳ ರಕ್ಷಣೆಗೆಂದೇ ಇರುವ ಸರ್ಕಾರಿ ಯೋಜನೆ ಮಿಷನ್ ವಾತ್ಸಲ್ಯದಡಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವಿದೆ, ಆದರೆ ಶಸ್ತ್ರಚಿಕಿತ್ಸೆಗೆ ಅದನ್ನು ನೆಚ್ಚಿಕೊಳ್ಳಲಾಗದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ಪಡಿತರ ಚೀಟಿ ಕೇಳುತ್ತಾರೆ, ನಿಮ್ಮ ಚೀಟಿಯಲ್ಲಿ ಮಗುವಿನ ಹೆಸರಿರುವುದಿಲ್ಲ. ದಾಖಲಾಗುವ ದಿನ ಕೌಂಟರಿನ ಮುಂದೆ ಇದು ಗೊತ್ತಾದರೆ ಫಜೀತಿ. ಮೊದಲೇ ಘಟಕದಿಂದ ಪತ್ರ ತಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರಿಗೆ ತೋರಿಸಿ. ಕೆ.ಆರ್. ಆಸ್ಪತ್ರೆಯಲ್ಲೂ ಕಿವಿ, ಮೂಗು, ಗಂಟಲು ವಿಭಾಗವಿದೆ, ಸರ್ಕಾರಿ ಆಸ್ಪತ್ರೆಯಾದ್ದರಿಂದ ಅಲ್ಲಿ ಹೊರೆ ಕಡಿಮೆ.

ಪ್ರಶ್ನೆ: ಒಂಬತ್ತು ವರ್ಷದ ಹುಡುಗ ನಮ್ಮ ಮನೆಗೆ ಬಂದು ಒಂದು ತಿಂಗಳು. ಹೊಟ್ಟೆ ತುಂಬ ಊಟ ಹಾಕುತ್ತೇವೆ. ಆದರೂ ದಿಂಬಿನ ಕೆಳಗೆ ಅಚ್ಚುಬೆಲ್ಲ, ಬಿಸ್ಕತ್ತು ಬಚ್ಚಿಡುತ್ತಾನೆ. ಕಳ್ಳತನ ಕಲಿಯುತ್ತಾನೆಂದು ಅತ್ತೆಯವರು ಬೈಯುತ್ತಾರೆ. ಜಂತುಹುಳು ಇರಬಹುದೇ? (ಮದ್ದೂರು)

ಉತ್ತರ: ಜಂತುಹುಳು ಇದ್ದರೂ ಇರಬಹುದು. ವರ್ಷಕ್ಕೆರಡು ಸಲ, ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಶಾಲೆಯಲ್ಲಿ ಅಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ, ಕಳೆದ ಸಲ ತಪ್ಪಿದ್ದರೆ ಆರೋಗ್ಯ ಕೇಂದ್ರದಲ್ಲಿ ಕೇಳಿ. ರಕ್ತಹೀನತೆಯನ್ನೂ ನೋಡಿಸಿ. ಆದರೆ ಬೆಲ್ಲ ಬಚ್ಚಿಡುವುದಕ್ಕೆ ಹುಳು ಕಾರಣವಲ್ಲ. ನಾಳೆ ಊಟ ಸಿಗುತ್ತದೋ ಇಲ್ಲವೋ ಎಂದು ಕಾದು ಬೆಳೆದ ಮಗು ಹೀಗೆ ಮಾಡುತ್ತದೆ. ತಟ್ಟೆ ತುಂಬಿದ ಮಾತ್ರಕ್ಕೆ ಒಂದು ತಿಂಗಳಲ್ಲಿ ಆ ಭಯ ಹೋಗುವುದಿಲ್ಲ. ನಿಮ್ಮ ಅತ್ತೆಯವರಿಗೆ ಒಂದು ಮಾತು ಕೇಳಿ: ಬರಗಾಲ ಕಂಡ ಹಿರಿಯರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರಲ್ಲ, ಅದನ್ನು ಯಾರಾದರೂ ಕಳ್ಳತನ ಎಂದರೇ?

ಬೈಯುವುದು ನಿಲ್ಲಲಿ. ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆ ಮಾಡುವುದು, ಯಾರೊಂದಿಗೂ ಮಾತಾಡದಿರುವುದು ಇವೂ ಜೊತೆಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಘಟಕದ ಆಪ್ತಸಮಾಲೋಚಕರಿಗೂ ತಿಳಿಸಿ. ಮತ್ತೆ, ಅವನ ಹೆಸರು ಬರೆದ ಒಂದು ಸ್ಟೀಲ್ ಡಬ್ಬಿ ಕೊಡಿ. ಅದರಲ್ಲಿ ಕಡಲೆ, ಬೆಲ್ಲ, ಚಕ್ಕುಲಿ ಇಟ್ಟು, ‘ಇದು ನಿನ್ನದು, ಕೇಳದೆ ತಿನ್ನಬಹುದು, ಖಾಲಿಯಾದರೆ ಮತ್ತೆ ತುಂಬುತ್ತೇನೆ’ ಎಂದು ಹೇಳಿ, ಹೇಳಿದಂತೆ ತುಂಬಿ. ಮುಚ್ಚಳ ಬಿಗಿಯಾಗಿರಲಿ, ಇರುವೆ ಬರುತ್ತದೆ.