ಓದುಗರ ಪ್ರಶ್ನೆ: ಡಿಸ್ಕ್ ಹಿಗ್ಗಿದೆ, ಜಾಗ ಹಿಗ್ಗಿಲ್ಲ

ಪ್ರಶ್ನೆ: ವರ್ಚುವಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ತಂತ್ರಾಂಶ) ಉಬುಂಟು ಸರ್ವರ್ ಇದೆ. ಅದರ 25 ಜಿಬಿ ಡಿಸ್ಕನ್ನು 50ಕ್ಕೆ ಏರಿಸಿದೆ. ಒಳಗೆ ಜಾಗದ ಲೆಕ್ಕ ತೋರಿಸುವ ‘ಡಿಎಫ್’ ಆಜ್ಞೆ ಕೊಟ್ಟರೆ ರೂಟ್ (ಮುಖ್ಯ ಫೈಲ್ ಸಿಸ್ಟಂ) ಇನ್ನೂ 12 ಜಿಬಿಯ ಒಳಗೇ ಇದೆ, ಅದೂ ಪೂರ್ತಿ ತುಂಬಿದೆ. ಮತ್ತೆ ಇನ್‌ಸ್ಟಾಲ್ ಮಾಡಲೇಬೇಕೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. ಪಕ್ಕದ ಹೊಲ ಕೊಂಡಿದ್ದೀರಿ, ನಡುವಿನ ಬದು ಹಾಗೇ ಇದೆ, ಅಷ್ಟೇ. ಡಿಸ್ಕಿನೊಳಗೆ ಪಾರ್ಟಿಷನ್ (ಡಿಸ್ಕಿನ ಒಂದು ಭಾಗ), ಅದರೊಳಗೆ ಎಲ್‌ವಿಎಂ (ಜಾಗವನ್ನು ಬೇಕಾದಂತೆ ಹಂಚುವ ಪದರ), ಅದರ ಮೇಲೆ ಫೈಲ್‌ಗಳನ್ನು ಇಡುವ ಫೈಲ್ ಸಿಸ್ಟಂ. ಹೊರಗಿನಿಂದ ಒಳಕ್ಕೆ ಒಂದೊಂದಾಗಿ ಹಿಗ್ಗಿಸುತ್ತ ಬರಬೇಕು.

ಅಂದಹಾಗೆ, 25 ಇದ್ದಾಗಲೂ ನಿಮಗೆ 12 ಮಾತ್ರ ಸಿಕ್ಕಿದ್ದು ದೋಷವಲ್ಲ. ಈ ಗಾತ್ರದ ಡಿಸ್ಕಿನಲ್ಲಿ ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ ಜಾಗದ ಅರ್ಧವನ್ನು ಮೀಸಲಿಡುತ್ತದೆ. ಎಲ್‌ವಿಎಂ ಲೆಕ್ಕ ತೋರಿಸುವ ‘ವಿಜಿಎಸ್’ ಕೊಟ್ಟು ‘ವಿಫ್ರೀ’ (ಖಾಲಿ ಉಳಿದದ್ದು) ಕಾಲಂ ನೋಡಿದ್ದರೆ ಡಿಸ್ಕ್ ದೊಡ್ಡದು ಮಾಡದೆಯೇ 11 ಜಿಬಿ ಸಿಗುತ್ತಿತ್ತು!

ಮೊದಲು ಡಿಸ್ಕುಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಬಿಎಲ್‌ಕೆ’ ಕೊಡಿ. ಎಸ್‌ಡಿಎ (ನಿಮ್ಮ ಡಿಸ್ಕಿನ ಹೆಸರು) ಎದುರು 50ಜಿ ಕಾಣಬೇಕು. ಇನ್ನೂ 25 ಎಂದೇ ಇದ್ದರೆ ಹಳೆಯ ಸ್ನ್ಯಾಪ್‌ಶಾಟ್ (ಯಂತ್ರದ ಹಿಂದಿನ ಸ್ಥಿತಿಯನ್ನು ಉಳಿಸಿಟ್ಟದ್ದು) ಇರಬಹುದು. ಅದನ್ನು ಅಳಿಸಿ, ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಗಾತ್ರ ಮತ್ತೆ ಬದಲಿಸಿ. 50 ಕಂಡರೆ, ಡಿಸ್ಕ್ ಫೈಲಿನದೊಂದು ನಕಲು ಹೊರಗಿಟ್ಟು ಮುಂದಕ್ಕೆ ಹೋಗಿ.

ಎಲ್ಲ ಆಜ್ಞೆಗಳಿಗೂ ಮುಂದೆ ಸುಡೋ (ಅಡ್ಮಿನ್ ಅಧಿಕಾರ ಕೊಡುವ ಪದ) ಸೇರಿಸಿ. ಮೂರನೇ ಪಾರ್ಟಿಷನ್ ಹಿಗ್ಗಿಸಲು ‘ಗ್ರೋಪಾರ್ಟ್ /ಡೆವ್/ಎಸ್‌ಡಿಎ 3’ ಎಂದು ಕೊಡುವಾಗ 3ರ ಹಿಂದೆ ಒಂದು ಸ್ಪೇಸ್ ಬೇಕೇ ಬೇಕು. ಬಹಳ ಜನ ಎಡವುವುದು ಇಲ್ಲೇ. ನಂತರ ಎಲ್‌ವಿಎಂಗೆ ಹೊಸ ಗಾತ್ರ ತಿಳಿಸಲು ‘ಪಿವಿರೀಸೈಜ್ /ಡೆವ್/ಎಸ್‌ಡಿಎ3’, ಇಲ್ಲಿ 3ರ ಹಿಂದೆ ಸ್ಪೇಸ್ ಬೇಡ. ಕೊನೆಗೆ ‘ಎಲ್‌ವಿಎಕ್ಸ್‌ಟೆಂಡ್ -ಆರ್ -ಎಲ್ +100%ಫ್ರೀ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ’. ಆ ‘-ಆರ್’ ಫೈಲ್ ಸಿಸ್ಟಂ ಅನ್ನೂ ಜೊತೆಗೇ ಹಿಗ್ಗಿಸುತ್ತದೆ. ರೀಬೂಟ್ ಬೇಕಿಲ್ಲ.

ನಿಮ್ಮ ರೂಟ್ ತುಂಬಿರುವುದರಿಂದ ಗ್ರೋಪಾರ್ಟ್ ‘ಜಾಗವಿಲ್ಲ’ ಎಂದು ಮೊದಲ ಹೆಜ್ಜೆಯಲ್ಲೇ ನಿಲ್ಲಬಹುದು; ಅದಕ್ಕೆ ಟೆಂಪ್ ಫೋಲ್ಡರಿನಲ್ಲಿ ಚೂರು ಜಾಗ ಬೇಕು. ಇಳಿಸಿಕೊಂಡ ಪ್ಯಾಕೇಜ್ ಫೈಲ್‌ಗಳನ್ನು ಅಳಿಸುವ ‘ಎಪಿಟಿ ಕ್ಲೀನ್’ ಕೊಟ್ಟು ಮತ್ತೆ ನೋಡಿ. ಗ್ರೋಪಾರ್ಟ್ ‘ನೋಚೇಂಜ್’ ಎಂದರೆ ಬೇರೆ ಅರ್ಥ: ಪಾರ್ಟಿಷನ್ನಿನ ಬೆನ್ನಿಗೆ ಖಾಲಿ ಜಾಗವೇ ಇಲ್ಲ.

ಪ್ರಶ್ನೆ: ನಮ್ಮ ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕ ವಿಂಡೋಸ್ 10 ವರ್ಚುವಲ್ ಯಂತ್ರದಾಗ ಐತ್ರಿ. ಡಿಸ್ಕ್ ಹೆಚ್ಚು ಮಾಡೀವಿ, ಆದ್ರ ಸಿ ಡ್ರೈವ್ ಮ್ಯಾಲೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಒತ್ತಾಕ ಬರವಲ್ದು.
– ಬ್ಯಾಡಗಿಯ ಓದುಗರು

ಉತ್ತರ: ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್‌ನ ಬಲಕ್ಕೆ ನೋಡಿ. ಖಾಲಿ ಜಾಗಕ್ಕೂ ಸಿಗೂ ನಡುವೆ ಸುಮಾರು 500 ಎಂಬಿಯ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸುವ ಸಾಧನ ಇರುವ ಭಾಗ) ಅಡ್ಡ ಕೂತಿರುತ್ತದೆ. ವಿಂಡೋಸ್ ತಾಗಿಕೊಂಡಿರುವ ಜಾಗವನ್ನಷ್ಟೇ ಸೇರಿಸಿಕೊಳ್ಳುತ್ತದೆ.

ಲೆಕ್ಕದ ಬ್ಯಾಕಪ್ ಪೆನ್‌ಡ್ರೈವ್‌ಗೆ ತೆಗೆದು, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಆ ರಿಕವರಿ ಸಾಧನವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ‘ರೀಏಜೆಂಟ್‌ಸಿ /ಡಿಸೇಬಲ್’ ಕೊಡಿ. ಆಮೇಲೆ ಡಿಸ್ಕ್‌ಪಾರ್ಟ್‌ನಲ್ಲಿ (ಪಾರ್ಟಿಷನ್ ನಿರ್ವಹಿಸುವ ವಿಂಡೋಸ್ ಆಜ್ಞೆ) ಆ ಡಿಸ್ಕ್, ಆ ಪಾರ್ಟಿಷನ್ ಆಯ್ದು ‘ಡಿಲೀಟ್ ಪಾರ್ಟಿಷನ್ ಓವರ್‌ರೈಡ್’. ಇದು ಮರುಪ್ರಶ್ನೆ ಕೇಳದೆ ಅಳಿಸಿಬಿಡುತ್ತದೆ, ಹಾಗಾಗಿ ಸಂಖ್ಯೆಯನ್ನಲ್ಲ, ಗಾತ್ರವನ್ನು ನೋಡಿ ಆರಿಸಿ. ಈಗ ಎಕ್ಸ್‌ಟೆಂಡ್ ಬರುತ್ತದೆ. ಮುಗಿದ ಮೇಲೆ ‘ರೀಏಜೆಂಟ್‌ಸಿ /ಎನೇಬಲ್’ ಮರೆಯಬೇಡಿ. ಮಾರುಕಟ್ಟೆಗೆ ಆವಕ ಜೋರಿರುವ ದಿನ ಇದಕ್ಕೆ ಕೈ ಹಾಕಬೇಡಿ.